ತೊಟ್ಟಿರಾಯನ ಬಾಟಲಿ ಅಂಗಿ

ಹತ್ತಿ ಬಟ್ಟೆಗೆ ಕಾಯಿಸುವಷ್ಟು ಇಸ್ತ್ರಿಪೆಟ್ಟಿಗೆಯನ್ನು ಕಾಯಿಸಿದ್ದೇ ತಪ್ಪಾಯಿತು. ತೊಟ್ಟಿರಾಯ ಅದನ್ನು ಹೊಸ ಅಂಗಿಯ ಬೆನ್ನಿನ ಮೇಲಿಟ್ಟು ಒಮ್ಮೆ ಒತ್ತಿದ. ಎತ್ತಿದಾಗ ಅಂಗಿಯ ಬೆನ್ನು ಪೆಟ್ಟಿಗೆಯ ಜತೆಗೇ ಎದ್ದು ಬಂತು. ಉಳಿದ ತೂತಿನಿಂದ ಆಚೆ ಬದಿಯಲ್ಲಿ ಹೆಂಡತಿಯ ಮುಖ ಕಾಣಿಸಿತು.

“ಇಷ್ಟು ವರ್ಷ ಪ್ಲಾಸ್ಟಿಕ್ ತೊಳ್ದಿದೀರಿ, ಬಿಸಿಗೆ ಕರಗುತ್ತೆ ಅಂತ ಗೊತ್ತಾಗ್ಲಿಲ್ವೇ?” ಎಂದಿತು ಆ ಮುಖ.

ಗೊತ್ತಿತ್ತು. ಹಳೆಯ ನೀರಿನ ಬಾಟಲಿಗಳಿಂದ ಬಟ್ಟೆ ಮಾಡುವ ಕಾರ್ಖಾನೆಯಲ್ಲಿ ಅವನದು ತೊಳೆಯುವ ಕೆಲಸ. ವಿಂಗಡಿಸಿ ಚೂರು ಮಾಡಿದ ಬಾಟಲಿಗಳು ಅವನ ಬಿಸಿನೀರಿನ ತೊಟ್ಟಿಗೆ ಬರುತ್ತವೆ. ಅಂಟು, ಜಿಡ್ಡು ಬಿಡಿಸಿ ಅವನು ಮುಂದಕ್ಕೆ ಕಳಿಸಿದರೆ, ಆಚೆಯವರು ಅದನ್ನು ಒಣಗಿಸಿ, ಕರಗಿಸಿ, ಸಣ್ಣ ತೂತುಗಳಿಂದ ಎಳೆಯಾಗಿ ಇಳಿಸಿ, ಪಾಲಿಯೆಸ್ಟರ್ ನೂಲು ಮಾಡಿ ನೇಯುತ್ತಾರೆ. ಆವಿಯಲ್ಲಿ ಬೆಂದು ಬೆಂದು ಅವನ ಸ್ವಂತ ಹೆಸರೇ ಕರಗಿಹೋಗಿ, ಎಲ್ಲರಿಗೂ ಅವನು ‘ತೊಟ್ಟಿರಾಯ’ ಆಗಿದ್ದ.

ಸುಟ್ಟದ್ದು ಕಾರ್ಖಾನೆಯ ಹೊಸ ನೀಲಿ ಬಟ್ಟೆಯಲ್ಲಿ ಹೊಲಿಸಿದ್ದ ಒಂದೇ ಒಂದು ಅಂಗಿ. ಹಿಂದಿನ ದಿನ ಅದನ್ನು ಕೊಡುವಾಗ ಮ್ಯಾನೇಜರು ಹೇಳಿದ್ದರು: “ಅಳತೆ ಸರಿಹೋಗೋದು ನಿಮಗೊಬ್ರಿಗೇ. ನಾಳೆ ಖರೀದಿಗೆ ಬರೋ ಮೇಡಂಗೆ ಇದನ್ನ ಹಾಕ್ಕೊಂಡು ಎಲ್ಲಾ ತೋರಿಸಿ. ಅವರು ಒಪ್ಪಿದ್ರೆ ನಿಮ್ಮನ್ನ ಸ್ಯಾಂಪಲ್ ರೂಮಿಗೆ ಹಾಕ್ತೀನಿ.” ಬಟ್ಟೆಯ ಮಾದರಿಗಳನ್ನಿಡುವ ಆ ರೂಮಿನಲ್ಲಿ ಕುರ್ಚಿಯಿತ್ತು, ಎಲ್ಲಕ್ಕಿಂತ ಹೆಚ್ಚಾಗಿ, ಆವಿ ಇರಲಿಲ್ಲ.

ಸುಟ್ಟ ವಾಸನೆಯ ಜಾಡು ಹಿಡಿದು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಬಂದರು. ತೂತು ನೋಡಿದರು, ಬಣ್ಣ ನೋಡಿದರು, ಮನೆಗೆ ಓಡಿ ತಮ್ಮದೊಂದು ನೀಲಿ ಅಂಗಿ ತಂದರು.

“ತಗೋಳಯ್ಯಾ, ಬಣ್ಣ ಒಂದೇ. ಆದ್ರೆ ಜೋಪಾನ! ಅಪ್ಪಟ ಹತ್ತಿ. ಆ ಪಾಲಿಯೆಸ್ಟರ್ ಗೀಲಿಯೆಸ್ಟರ್ ತಾಗಿದ್ರೆ ನನಗೆ ಮೈಯೆಲ್ಲಾ ತುರಿಕೆ.”

“ಬಾಟಲಿ ಬಟ್ಟೆ ಅಂತ ಹತ್ತಿ ತೋರಿಸ್ಲಾ ಮೇಷ್ಟ್ರೇ?”

“ಬಟ್ಟೆ ಏನು ಬಾಯಿಬಿಟ್ಟು ಹೇಳುತ್ತಾ?”

“ಬಟ್ಟೆ ಹೇಳಲ್ಲ, ಇವರ ಮುಖ ಹೇಳ್ಬಿಡುತ್ತೆ,” ಎಂದಳು ಹೆಂಡತಿ.

ಮೇಷ್ಟ್ರ ಅಂಗಿ ತೊಟ್ಟು ಕಾರ್ಖಾನೆಯೊಳಗೆ ಕಾಲಿಟ್ಟದ್ದೇ ತಡ, ಬಾಟಲಿ ವಿಂಗಡಿಸುವ ಅಕ್ಕ ತೋಳು ಹಿಡಿದಳು. “ಅಯ್ಯೋ ತೊಟ್ಟಿರಾಯಣ್ಣ, ಎಷ್ಟು ಮೆತ್ತಗಿದೆ! ಬಟ್ಟೆ ರೋಲಲ್ಲಿ ಮುಟ್ಟಿದಾಗ ಕರಕರ ಅಂತಿತ್ತಲ್ಲ?”

“ಮೈಶಾಖಕ್ಕೆ ಪಳಗಿದೆ ಕಣಕ್ಕ.”

“ನಿನ್ ಹೆಂಡ್ತಿ ಕೈಯಲ್ಲಿ ನೀನು ಪಳಗಿದ ಹಾಗೆ!” ಎಂದು ಅವಳು ನಕ್ಕಳು. ನಗು ಕೇಳಿ ಇನ್ನಷ್ಟು ಜನ ಬಂದು, ಅಂಗಡಿಯಲ್ಲಿ ಸೌತೆಕಾಯಿ ಎಳೆಯದೋ ಬಲಿತದ್ದೋ ಎಂದು ನೋಡುವವರಂತೆ ಅವನನ್ನು ಎಲ್ಲೆಡೆ ಚಿವುಟಿದರು.

ಮೇಡಂ ಬಂದರು. ಅವರ ಬಾಯಿಗಿಂತ ಬೆರಳಿಗೆ ಕೆಲಸ ಜಾಸ್ತಿ. ಕಂಡದ್ದನ್ನೆಲ್ಲ ಮುಟ್ಟಿ ನೋಡುತ್ತಿದ್ದರು. ತೊಟ್ಟಿಯ ಹತ್ತಿರ ಬಂದಾಗ ತೊಟ್ಟಿರಾಯನಿಗೆ ಅಂಗಿಯೇ ಮರೆತುಹೋಯಿತು. “ಬಾಟಲಿ ಚೂರು ಮುಳುಗುತ್ತೆ ಮೇಡಂ, ಮುಚ್ಚಳದ ಚೂರು ತೇಲುತ್ತೆ. ತೇಲಿದ್ದನ್ನ ಹಾಲಿನ ಕೆನೆ ಥರ ತೆಗೆದುಬಿಡ್ತೀವಿ” ಎಂದು ವಿವರಿಸಿದ. ಮೇಡಂ ತಲೆದೂಗಿದರು. ಮ್ಯಾನೇಜರು ಉಬ್ಬಿದರು.

“ಇವರ ಅಂಗೀನೂ ಇದ್ರಿಂದಾನೇ ಆಗಿದ್ದಾ?”

“ಪೂರ್ತಿ ಬಾಟಲಿ ಮೇಡಂ! ಬೇಕಿದ್ರೆ ಸುಟ್ಟು ನೋಡಿ!” ಎಂದರು ಮ್ಯಾನೇಜರು.

ಮೇಡಂ ಕೈಚೀಲದಿಂದ ಕತ್ತರಿ, ಬೆಂಕಿಪೊಟ್ಟಣ ತೆಗೆದೇಬಿಟ್ಟರು. ಬಟ್ಟೆ ವ್ಯಾಪಾರದಲ್ಲಿ ಇದು ಮಾಮೂಲು ಪರೀಕ್ಷೆ. ಹತ್ತಿಯ ಎಳೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಎಳೆ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ತೊಟ್ಟಿರಾಯ ಎರಡು ಹೆಜ್ಜೆ ಹಿಂದೆ ಸರಿದ.

“ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ ಮೇಡಂ.”

“ಹೊರಗೆ ಹೋಗೋಣ.”

“ಹೊರಗೆ ಗಾಳಿ…”

“ಗೋಡೆ ಮರೆ ಇದೆಯಲ್ಲ?”

“ಏನ್ರೀ, ಚುಚ್ಚುಮದ್ದಿಗೆ ಹೆದರೋ ಮಗು ಥರ ಆಡ್ತೀರಿ!” ಎಂದು ಮ್ಯಾನೇಜರು ಅವನನ್ನು ಅಂಗಳಕ್ಕೆ ನೂಕಿದರು.

ಮೇಡಂ ಅಂಗಿಯ ಅಂಚಿನಿಂದ ಎಳೆಯೊಂದನ್ನು ಕತ್ತರಿಸಿ ಕಡ್ಡಿ ಗೀರಿದರು. ತೊಟ್ಟಿರಾಯ ಕಣ್ಣು ಮುಚ್ಚಿ, ಸುಟ್ಟ ಕಾಗದದ ವಾಸನೆಗಾಗಿ ಕಾದ. ವಾಸನೆ ಬಂತು; ಆದರೆ ಅದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯಿಂದ ಬಂದ ವಾಸನೆ! ಕಣ್ಣು ಬಿಟ್ಟರೆ ಎಳೆಯ ತುದಿಯಲ್ಲಿ ಪುಟ್ಟ ಕಪ್ಪು ಮಣಿ.

“ಅಪ್ಪಟ ಪಾಲಿಯೆಸ್ಟರ್,” ಎಂದರು ಮೇಡಂ.

ಪಾಪ, ಮೇಷ್ಟ್ರು! ಹತ್ತಿಯೆಂದು ನಂಬಿ ಇಷ್ಟು ಕಾಲ ತೊಟ್ಟರೂ ಒಮ್ಮೆಯೂ ತುರಿಸಿಕೊಂಡಿರಲಿಲ್ಲ. ತೊಟ್ಟಿರಾಯನಿಗೆ ನಗು ತಡೆಯುವುದೇ ಕಷ್ಟವಾಯಿತು. ಅಷ್ಟರಲ್ಲಿ ಮೇಡಂ ಒಳಗೆ ಹೋಗಿ ಕಾರ್ಖಾನೆಯ ರೋಲನ್ನು ಉಜ್ಜಿದರು. ಬಂದು ಅವನ ಅಂಗಿಯ ತೋಳನ್ನು ಉಜ್ಜಿದರು.

“ಆ ರೋಲು ನನಗೆ ಬೇಡ, ಕರಕರ ಅನ್ನುತ್ತೆ. ಇವರ ಅಂಗಿ ಹತ್ತಿ ಥರಾನೇ ಇದೆ. ಇದನ್ನ ಎಷ್ಟು ಮಾಡಿದ್ರೂ ತಗೋತೀನಿ. ಹೇಗೆ ಮಾಡಿದ್ರಿ?”

ಮ್ಯಾನೇಜರಿಗೂ ಅದೇ ಪ್ರಶ್ನೆಯಿತ್ತು. ಇಬ್ಬರೂ ತೊಟ್ಟಿರಾಯನ ಮುಖ ನೋಡಿದರು. ನಿಜ ಹೇಳಿದರೆ ವ್ಯಾಪಾರವೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಅವನಿಗೆ ವಿವರವಾಗಿ ಗೊತ್ತಿದ್ದ ವಿದ್ಯೆಯೂ ಒಂದೇ.

“ಎಲ್ಲಾ ತೊಳೆಯೋದ್ರಲ್ಲಿದೆ ಮೇಡಂ,” ಎಂದುಬಿಟ್ಟ. “ಅದೊಂದು ಕೈಗುಣ.”

ಮೇಡಂ ಅಲ್ಲೇ ಒಪ್ಪಿದರು. ಅವರ ಕಾರು ಗೇಟು ದಾಟಿದ ಮೇಲೆ ತೊಟ್ಟಿರಾಯ ಕೈ ಹಿಸುಕಿಕೊಳ್ಳುತ್ತ, “ಸಾರ್, ಸ್ಯಾಂಪಲ್ ರೂಮು…” ಎಂದ.

ಮ್ಯಾನೇಜರು ಅವನ ಎರಡೂ ಕೈಗಳನ್ನು ಹಿಡಿದು, ಆಭರಣ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು.

“ಈ ಕೈನ ಕುರ್ಚಿ ಮೇಲೆ ಕೂರಿಸಿ ಹಾಳು ಮಾಡ್ತೀನೇನ್ರೀ? ನಾಳೆಯಿಂದ ಇನ್ನೊಂದು ತೊಟ್ಟೀನೂ ನಿಮ್ದೇ!”