ಸುಮ್ಮನೆ ನಿಂತ ಶಿಕ್ಷಕಿಯಿಂದ ಅಂಕ ಹಾಕುವ ಯಂತ್ರಕ್ಕೆ

ಮೂರು ಕಾಲಿನ ಮೇಲೆ ನೆಟ್ಟಗೆ ನಿಂತು, ಒಂದೇ ಕಣ್ಣಿನಿಂದ ನಮ್ಮ ಪಾಠಗಳನ್ನೆಲ್ಲ ತೂಗಿ ನೋಡುವ ಮಾನ್ಯ ಪಾಠ ಮೌಲ್ಯಮಾಪನ ಯಂತ್ರದವರಿಗೆ, ಶಿಕ್ಷಕರ ತರಬೇತಿಯ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಅಭ್ಯಾಸ ಪಾಠಕ್ಕೆಂದು ಶಾಲೆಗೆ ಹೊರಟಾಗ ತಮ್ಮನ್ನು ಕಾಲೇಜಿನ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಬಿಸಿಲು ತಾಗದಂತೆ ಶಾಲು ಹೊದಿಸಿದ್ದನ್ನು ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದ ನಾವೆಲ್ಲ ಕಣ್ತುಂಬ ನೋಡಿದ್ದೇವೆ. ನಾಳಿನ ಶಿಕ್ಷಕರಿಗಿಂತ ಅವರನ್ನು ಅಳೆಯುವವರು ಜೋಪಾನವಾಗಿ ತಲುಪಬೇಕಾದದ್ದು ನ್ಯಾಯವೇ.

ತಮ್ಮ ಸೂಕ್ಷ್ಮ ದೃಷ್ಟಿಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿದೆ. ಕಾಲೇಜಿನಲ್ಲಿ ನಾವು ಒಬ್ಬರಿಗೊಬ್ಬರು ಮಕ್ಕಳಾಗಿ ಕೂತು ಪಾಠ ಮಾಡಿಕೊಂಡ ದಿನ, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುವ ಕಲೆ ಒಲಿದಿದ್ದ ನನ್ನ ಸಹಪಾಠಿಯನ್ನು ತಾವು ‘ಅತ್ಯಂತ ಏಕಾಗ್ರ ವಿದ್ಯಾರ್ಥಿ’ ಎಂದು ಗುರುತಿಸಿದಿರಿ. ನಾನು ಹೇಳಿದ್ದನ್ನು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದವರೆಲ್ಲ ‘ಗಮನವಿಲ್ಲದವರು’ ಎಂದಾದರು. ಆವತ್ತಿನಿಂದ ನಮ್ಮ ತರಗತಿಯಲ್ಲಿ ಬರೆಯುವ ಚಟ ಯಾರಿಗೂ ಉಳಿದಿಲ್ಲ.

ಈಗ ನನ್ನ ಅಹವಾಲು. ಏಳನೇ ತರಗತಿಗೆ ನಾನು ಭಿನ್ನರಾಶಿಯ ಪಾಠ ಮಾಡಿದ್ದು ತಮಗೆ ನೆನಪಿರಬಹುದು, ತಮಗೆ ಮರೆವೆಂಬುದಿಲ್ಲವಂತೆ. ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಕೇಳಿದೆ. ಇಡೀ ತರಗತಿ ಒಕ್ಕೊರಲಿನಿಂದ ‘ನಾಲ್ಕು’ ಎಂದು ಕೂಗಿತು. ಯಾಕೆ ಎಂದು ಕೇಳಿದೆ. ಆಗ ಕಿಟಕಿಯ ಪಕ್ಕದ ಬೆಂಚಿನಿಂದ ಒಂದು ಪುಟ್ಟ ಕೈ ಮೇಲೆದ್ದಿತು. ಗೆಳತಿಯರು ‘ಗುಬ್ಬಚ್ಚಿ’ ಎಂದು ಕರೆಯುವ ಆ ಹುಡುಗಿಗೆ ಮಾತು ಉಗ್ಗುತ್ತದೆ. ವರ್ಷದಲ್ಲಿ ಅವಳು ಕೈ ಎತ್ತಿದ್ದೇ ಅದು ಮೊದಲು ಎಂದು ಆಮೇಲೆ ಅವಳ ತರಗತಿ ಶಿಕ್ಷಕಿ ಹೇಳಿದರು.

ಗುಬ್ಬಚ್ಚಿ ಎದ್ದು ನಿಂತಳು. ತುಟಿ ಅಲುಗಿತು, ಕತ್ತಿನ ನರ ಉಬ್ಬಿತು, ಮೊದಲ ಅಕ್ಷರವೇ ಹೊರಬರಲೊಲ್ಲದು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನಾನು ಅವರತ್ತ ಒಮ್ಮೆ ನೋಡಿ, ಮತ್ತೆ ಅವಳತ್ತ ತಿರುಗಿ, ಸುಮ್ಮನೆ ನಿಂತೆ. ನಗು ತಾನಾಗಿಯೇ ಅಡಗಿತು. ಕೊನೆಗೆ ಅವಳು ಹೇಳಿದಳು: “ಹಂ... ಹಂ... ಹಂಚ್ಕೊಳ್ಳೋರು ಜಾಸ್ತಿ ಆದ್ರೆ ಪಾ... ಪಾಲು ಚಿಕ್ಕದಾಗತ್ತೆ ಮಿಸ್. ಮೂರೇ ದೊಡ್ಡದು.” ನನಗೆ ಅಲ್ಲೇ ಕುಣಿದುಬಿಡೋಣ ಎನ್ನಿಸಿತು. ಇದಕ್ಕಿಂತ ಚೆನ್ನಾಗಿ ಪಠ್ಯಪುಸ್ತಕವೂ ಹೇಳಿಲ್ಲ.

ಸಂಜೆ ತಮ್ಮ ವರದಿ ಬಂತು. ನಾನು ಕಾದು ನಿಂತ ಹೊತ್ತಿಗೆ ತಾವು ‘ಬೋಧನೆ ಸ್ಥಗಿತ, ಶಿಕ್ಷಕಿ ಗೈರುಹಾಜರು’ ಎಂದು ಬರೆದಿದ್ದಿರಿ. ಗುಬ್ಬಚ್ಚಿಯ ಉತ್ತರದ ಎದುರಿಗೆ ‘ಧ್ವನಿಯಲ್ಲಿ ದೋಷ, ಮೈಕ್ ರಿಪೇರಿ ಮಾಡಿಸಿ’ ಎಂದಿತ್ತು. ಕೆಳಗೆ, ಕೆಂಪು ಅಕ್ಷರದಲ್ಲಿ, ನಾನು ಅನುತ್ತೀರ್ಣಳಾದ ಸುದ್ದಿ.

ಶೈಕ್ಷಣಿಕ ತಂತ್ರಜ್ಞಾನ ಕಲಿಸುವ ನಮ್ಮ ಪ್ರೊಫೆಸರರ ಬಳಿ ಓಡಿದೆ. ಪ್ರಶ್ನೆ ಕೇಳಿದ ಮೇಲೆ ಮಗುವಿಗೆ ಯೋಚಿಸಲು ಬಿಡಬೇಕು, ಅವಸರಿಸಬಾರದು ಎಂದು ನಮಗೆ ಒಂದು ಇಡೀ ಅಧ್ಯಾಯ ಪಾಠ ಮಾಡಿದವರು ಅವರೇ. ವರದಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಥಿಯರಿ ಕಣಮ್ಮ. ಅದಕ್ಕೆ ನಿಂಗೆ ಆಗ್ಲೇ ಮಾರ್ಕ್ಸ್ ಕೊಟ್ಟಾಯ್ತಲ್ಲ. ಇದು ಪ್ರಾಕ್ಟಿಕಲ್. ಇನ್ನೊಂದು ಅವಕಾಶ ಕೊಡಿಸ್ತೀನಿ, ಈ ಸಲ ಎಲ್ಲೂ ಮಾತು ನಿಲ್ಲಿಸ್ಬೇಡ, ನಗ್ತಾ ಇರು,” ಎಂದರು. ಪಾಪ, ಒಳ್ಳೆಯವರು.

ತಮ್ಮ ಅಭಿರುಚಿಗೆ ತಕ್ಕಂತೆ ನಾನು ಮನೆಯಲ್ಲಿ ತಯಾರಿ ನಡೆಸಿದೆ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಉಸಿರು ಬಿಡದೆ, ಹಲ್ಲು ಮುಚ್ಚದೆ ಭಿನ್ನರಾಶಿ ಹೇಳಿದೆ. ಅತ್ತೆ ನಡುವೆ ಏನೋ ಕೇಳಲು ಬಾಯಿ ತೆರೆದರು. ಅದಕ್ಕೂ ನಾನೇ ಉತ್ತರ ಹೇಳಿಬಿಟ್ಟೆ. ಅವರು ಕೇಳಬೇಕೆಂದಿದ್ದದ್ದು ಒಲೆ ಆರಿಸಿದ್ದೀಯಾ ಎಂದು. ಔಷಧಿ ಅಂಗಡಿಯಿಂದ ಆಗಷ್ಟೇ ಬಂದ ನಮ್ಮೆಜಮಾನರು ಬಾಗಿಲಲ್ಲೇ ನಿಂತು, “ಯಾಕೆ ಹಂಗೆ ನಗ್ತಿದೀಯ? ನಂಗ್ಯಾಕೋ ಭಯ ಆಗ್ತಿದೆ,” ಎಂದರು. ತಯಾರಿ ಸರಿಯಾಗಿದೆ ಎಂಬ ಧೈರ್ಯ ಬಂತು.

ಮರುಪಾಠದ ದಿನ ತಾವು ತರಗತಿಯ ಮೂಲೆಯಲ್ಲಿ ನಿಂತಿರಿ, ತಮ್ಮ ಪಕ್ಕದಲ್ಲಿ ಪ್ರೊಫೆಸರರು ಕೂತರು. ನಾನು ಮಾತಾಡಿದೆ, ನಕ್ಕೆ, ಆಚೀಚೆ ಓಡಾಡಿದೆ. ತಮ್ಮ ಹಸಿರು ದೀಪ ಪ್ರಸನ್ನವಾಗಿ ಮಿನುಗುತ್ತಿತ್ತು. ಆದರೆ ಗುಬ್ಬಚ್ಚಿ ಕೈ ಎತ್ತಲೇ ಇಲ್ಲ. ಸುಲಭದ ಪ್ರಶ್ನೆಗೂ ಎತ್ತಲಿಲ್ಲ. ತಡೆಯಲಾರದೆ ಅವಳ ಬೆಂಚಿನ ಬಳಿ ಹೋಗಿ, “ನಿಂಗೆ ಗೊತ್ತಲ್ವಾ, ಹೇಳು,” ಎಂದೆ. ಅವಳು ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಒಮ್ಮೆ ತಮ್ಮನ್ನು ನೋಡಿದಳು. ಆಮೇಲೆ ತಡವರಿಸುತ್ತ ಅಂದಳು: “ನಾ... ನಾನು ಮಾತಾಡಿದ್ರೆ ನಿ... ನಿಮ್ಗೆ ಮಾರ್ಕ್ಸ್ ಹೋಗತ್ತೆ ಮಿಸ್.”

ಯಾರು ಹೇಳಿದ್ದರೋ, ಮಕ್ಕಳಿಗೆ ಎಲ್ಲವೂ ತಿಳಿದುಬಿಡುತ್ತದೆ. ಮಾನ್ಯರೇ, ಆ ಕ್ಷಣದಲ್ಲಿ ನನ್ನ ನಗು ಜಾರಿತು. ಅದನ್ನು ತಾವು ನ್ಯಾಯವಾಗಿಯೇ ದಾಖಲಿಸಿದ್ದೀರಿ. ನಾನು ಅವಳ ಬೆಂಚಿನ ತುದಿಯಲ್ಲಿ ಕೂತೆ. “ಹೋದ್ರೆ ಹೋಗ್ಲಿ ಬಿಡು. ನೀನ್ ಹೇಳು, ನಾನಿಲ್ಲೇ ಇದೀನಿ,” ಎಂದೆ. ಅವಳು ಹೇಳಿದಳು. ಒಂದಲ್ಲ, ಹಲಗೆಯ ಮೇಲೆ ಉಳಿದಿದ್ದ ಮೂರೂ ಲೆಕ್ಕಗಳನ್ನು ಹೇಳಿದಳು. ಗಂಟೆ ಬಾರಿಸಿದರೂ ಹಿಂದಿನ ಬೆಂಚಿನವರು ಏಳಲಿಲ್ಲ. ತಮ್ಮ ಪಕ್ಕದ ಪ್ರೊಫೆಸರರು ಏಕೋ ಮತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ತಾವು ಮಾತ್ರ ಎಳ್ಳಷ್ಟೂ ವಿಚಲಿತರಾಗದೆ ನನ್ನನ್ನು ಎರಡನೇ ಬಾರಿ ಅನುತ್ತೀರ್ಣಗೊಳಿಸಿದಿರಿ. ಈ ದೃಢಚಿತ್ತ ನಮ್ಮಂಥ ಮನುಷ್ಯಮಾತ್ರರಿಗೆ ಬರುವಂಥದ್ದಲ್ಲ.

ಹೀಗಾಗಿ ನನ್ನ ಪದವಿ ಒಂದು ವರ್ಷ ಮುಂದೆ ಹೋಗಿದೆ. ಖಾತ್ರಿಯಾಗಿದ್ದ ಶಾಲೆಯ ಕೆಲಸ ಕೈತಪ್ಪಿದೆ. ಅದಕ್ಕಾಗಿ ರಾತ್ರಿಯಿಡೀ ಅತ್ತಿದ್ದೂ ಉಂಟು, ತಮ್ಮಲ್ಲಿ ಮುಚ್ಚುಮರೆಯೇಕೆ. ನಾನು ಅಂಕ ಬೇಡುತ್ತಿಲ್ಲ. ತಾವು ಒಂದು ದಿನದ ಮಟ್ಟಿಗೆ ಸಮವಸ್ತ್ರ ಧರಿಸಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಬೇಕು, ಉತ್ತರ ಗೊತ್ತಿದ್ದೂ ನಾಲಿಗೆಗೆ ಬಾರದೆ ಒದ್ದಾಡಬೇಕು, ಆಗ ಎದುರಿಗಿರುವ ಶಿಕ್ಷಕಿ ಹಲ್ಲು ಕಿರಿಯುತ್ತ ಮುಂದಿನ ಲೆಕ್ಕಕ್ಕೆ ಹೋಗಬೇಕು ಎಂಬುದಷ್ಟೇ ನನ್ನ ಪ್ರಾರ್ಥನೆ. ಆಮೇಲೆ ಆ ಶಿಕ್ಷಕಿಗೆ ತಾವು ಎಷ್ಟು ಅಂಕ ಕೊಟ್ಟರೂ ನನ್ನ ತಕರಾರಿಲ್ಲ.

ತಮ್ಮ ದಾಖಲೆಯಲ್ಲಿ ಗೈರುಹಾಜರಾಗಿಯೂ ತರಗತಿಯಲ್ಲೇ ಇದ್ದ,
ತಮ್ಮ ವಿಶ್ವಾಸಿ,
ಅಂತಿಮ ವರ್ಷದಲ್ಲೇ ಉಳಿದ ವಿದ್ಯಾರ್ಥಿನಿ

ಮರೆತ ಮಾತು: ಈ ಮೇಲ್ಮನವಿಯನ್ನು ಪರಿಶೀಲಿಸುವವರೂ ತಾವೇ ಎಂದೂ, ಬರಹ ನಡೆಯುವುದಿಲ್ಲ, ತಮ್ಮೆದುರು ನಿಂತು ಗಟ್ಟಿಯಾಗಿ ಓದಿ ಹೇಳಬೇಕೆಂದೂ ಕಚೇರಿಯ ಗುಮಾಸ್ತರು ತಿಳಿಸಿದರು. ಯಾರಾದರೂ ಓದಬಹುದಂತೆ. ಗುಬ್ಬಚ್ಚಿ ತಾನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ, ಅವಳಮ್ಮ ಒಪ್ಪಿಯೂ ಆಗಿದೆ, ಸೋಮವಾರ ಬರುತ್ತೇವೆ. ಪತ್ರ ಉದ್ದವಿದೆ, ತಾವು ಸ್ವಲ್ಪ ಕಾಯಬೇಕಾಗುತ್ತದೆ.