ಟ್ರಯಲ್‌ಗೆ ಬಾರದ ಮದುಮಗಳು

ಮದುವೆ ಬಟ್ಟೆಯ ಆಲ್ಟರೇಶನ್ ಮಾಡುವವರ ಮನೆಗೆ ವಿಚಿತ್ರಗಳು ಹೇಳಿ ಕೇಳಿ ಬರುವುದಿಲ್ಲ, ಬಟ್ಟೆಯ ಗಂಟಿನ ಜೊತೆಗೇ ಬಂದುಬಿಡುತ್ತವೆ. ಉಸಿರು ಬಿಗಿಹಿಡಿದು ಅಳತೆ ಕೊಟ್ಟು, ಆಮೇಲೆ ಬಿಗಿಯಾಯಿತೆಂದು ಜಗಳಕ್ಕೆ ಬಂದ ಎಷ್ಟೋ ಮದುಮಗಳಂದಿರನ್ನು ಮುಂಬೈಯ ಕುರ್ಲಾದ ಈ ಚಾಳಿನ ಕೋಣೆಯಲ್ಲಿ ಕೂತು ನಾನು ಬಾಯಲ್ಲೇ ಸುಧಾರಿಸಿದ್ದೇನೆ. ನನ್ನ ಬಾಯಿ ಕಟ್ಟಿದ್ದು ಒಬ್ಬಳ ಮುಂದೆ ಮಾತ್ರ. ಅವಳದ್ದೇ ಕಥೆ ಇದು.

ಲೈನಿಂಗ್

ಗೋರೆಗಾಂವ್‌ನಿಂದ ನಮ್ಮ ಊರ ಕಡೆಯ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಮಗಳ ಕೈಯಲ್ಲಿ ಲೆಹಂಗಾ, ತಾಯಿಯ ಕೈಯಲ್ಲಿ ತನ್ನದೇ ಧಾರೆ ಸೀರೆಯ ಹಳೇ ರವಿಕೆ.

"ಬಜೆಟ್ ಸಣ್ಣದು ಅಕ್ಕ, ಎರಡೂ ಅದರಲ್ಲೇ ಆಗಬೇಕು. ಲೆಹಂಗಾ ಇವಳಿಗೆ, ರವಿಕೆ ಇವಳ ಅಕ್ಕನಿಗೆ. ಮೊದಲು ಅವಳ ಮದುವೆ."

"ಅವಳನ್ನೂ ಕರೆದುಕೊಂಡು ಬನ್ನಿ, ಅಳತೆ ಬೇಕಲ್ಲ?"

"ಅವಳು ಬರುವ ಹಾಗಿಲ್ಲ."

"ಹಾಗಾದ್ರೆ ಫೋನಲ್ಲಿ ಕಳಿಸಲಿ."

ತಾಯಿ ಸೆರಗು ಸರಿಮಾಡಿಕೊಂಡರು. "ಹುಟ್ಟಿ ತಿಂಗಳೊಳಗೇ ಹೋದಳು ಅಕ್ಕ. ಇದ್ದಿದ್ದರೆ ಈಗ ಮೂವತ್ತು."

ಕರಾವಳಿಯವರಿಗೆ ಇದು ಹೊಸದಲ್ಲ. ಮದುವೆಯಾಗದೆ ತೀರಿಹೋದ ಹುಡುಗಿಗೆ, ಹಾಗೆಯೇ ತೀರಿಹೋದ ಹುಡುಗನನ್ನು ಹುಡುಕಿ, ಇಬ್ಬರ ಬಟ್ಟೆಗಳನ್ನು ಕುರ್ಚಿಯ ಮೇಲೆ ಕೂರಿಸಿ ಧಾರೆ ಎರೆಯುತ್ತೇವೆ. ಪ್ರೇತ ಮದುವೆ ಎನ್ನುತ್ತಾರೆ. ಈ ತಂಗಿಗೆ ಎರಡು ಸಲ ನಿಶ್ಚಯವಾದ ಮದುವೆ ಮುರಿದುಬಿದ್ದಿತ್ತು. ಅಕ್ಕನಿಗೆ ಮದುವೆ ಮಾಡದೆ ಹಾಗೇ ಬಿಟ್ಟರೆ ಮೂರನೆಯದೂ ಮುರಿಯುತ್ತದೆ ಎಂದು ಭಟ್ಟರು ಹೇಳಿದ್ದರಂತೆ. ತಾಯಿಯ ಮುಖದಲ್ಲಿ ನಿದ್ದೆಯಿಲ್ಲದ್ದು ಕಾಣುತ್ತಿತ್ತು. ನಾನು ಒಪ್ಪಿಕೊಂಡೆ.

"ಹಾಕುವವಳೇ ಇಲ್ಲವಲ್ಲ, ಲೈನಿಂಗ್ ಬೇಡ, ಅದರ ದುಡ್ಡು ಉಳಿಯಲಿ" ಎಂದು ಹೊರಟವರು ಬಾಗಿಲಿಂದ ತಿರುಗಿ ಬಂದರು. "ಬೇಡ ಅಕ್ಕ, ಲೈನಿಂಗ್ ಹಾಕಿ. ಜರಿ ಚುಚ್ಚಿದರೆ ಪಾಪ, ಅವಳು ಯಾರಲ್ಲಿ ಹೇಳುವುದು?"

ತಂಗಿಗೆ ಸಿಟ್ಟು ಬಂತು. "ಮಮ್ಮೀ, ನಂದು ಲೆಹಂಗಾ ಭೀ ಚುಚ್ಚುತ್ತೆ! ಅದರ ಲೈನಿಂಗ್ ಕ್ಯಾನ್ಸಲ್ ಮಾಡಿದ್ದು ಕ್ಯೂಂ?"

"ನಿನಗೆ ಕೈ ಉಂಟಲ್ಲ, ಕೆರೆದುಕೋ" ಎಂದರು ತಾಯಿ.

ಅಳತೆ

ಅಕ್ಕನ ಬದಲಿಗೆ ತಂಗಿಯನ್ನೇ ನಿಲ್ಲಿಸಿ ಟೇಪು ಹಿಡಿದೆ.

"ಇನ್ನೂ ಸ್ವಲ್ಪ ಸಡಿಲ ಹಿಡಿಯಿರಿ. ಅವಳು ಹುಟ್ಟಿದಾಗಲೇ ಗುಂಡು ಗುಂಡಗಿದ್ದಳು" ಎಂದರು ತಾಯಿ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಕಣ್ಣೆದುರು ಇಲ್ಲದ್ದು ಅದಕ್ಕಿಂತಲೂ ಮುದ್ದು ಎಂದು ಅಂದು ನನಗೆ ತಿಳಿಯಿತು. ತಂಗಿಯ ತೋಳಿನಿಂದ ಎರಡು ಬೆರಳು ಆಚೆಗೆ, ಬರೀ ಗಾಳಿಯ ಸುತ್ತ ಟೇಪು ಸುತ್ತಿದೆ.

"ಆಂಟಿ, ಟೇಪ್ ಇಷ್ಟು ಠಂಡಾ ಕೈಸೇ?" ಎಂದಳು ಹುಡುಗಿ.

ಟೇಪು ಬೆಳಗಿನಿಂದ ಬಿಸಿಲು ಬೀಳುವ ಕಿಟಕಿಯಲ್ಲೇ ಇತ್ತು. ನನ್ನ ಬೆರಳಿಗೂ ತಣ್ಣಗೆ ತಾಗಿತು. ಹುಡುಗಿ ಹೆದರಿಯಾಳೆಂದು ಬೇಗ ಬೇಗ ಅಳತೆ ಬರೆದುಕೊಂಡೆ.

ತಾಯಿಗೆ ಇದ್ದ ಹೆದರಿಕೆಯೇ ಬೇರೆ. "ಅಕ್ಕ, ಅಳತೆಗೆ ನಿಂತದ್ದು ಒಬ್ಬಳೇ. ಇಬ್ಬರ ಲೆಕ್ಕ ಹಿಡಿಯಬೇಡಿ ಮತ್ತೆ!"

ತೋಳು

ರವಿಕೆ ಹೊಲಿದು ಗೂಟಕ್ಕೆ ತೂಗುಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡೂ ತೋಳುಗಳ ಹೊಲಿಗೆ ಬಿಚ್ಚಿತ್ತು. ಕುರ್ಲಾದ ಇಲಿಗಳು ಏನು ಬೇಕಾದರೂ ಮಾಡಿಯಾವು, ಆದರೆ ಬಟ್ಟೆಗೆ ಹಲ್ಲು ತಾಗಿಸದೆ ಬರೀ ನೂಲನ್ನು ಎಳೆದು ತೆಗೆಯುವಷ್ಟು ನಾಜೂಕು ಅವಕ್ಕಿಲ್ಲ. ಕೋಣೆಗೆ ಒಳಗಿನಿಂದ ಚಿಲಕ ಹಾಕಿದ್ದವಳು ನಾನೇ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಗೋರೆಗಾಂವ್‌ನಿಂದ ಫೋನು. "ಅಕ್ಕ, ಅವಳು ಕನಸಿಗೆ ಬಂದಿದ್ದಳು. ತೋಳು ಬಿಗಿಯಂತೆ."

"ಇಲ್ಲಿ ತೋಳು ಬಿಚ್ಚಿಹೋಗಿದೆ ಮಾರಾಯ್ರೆ!" ಎಂದೆ.

ತಾಯಿ ಮೆಲ್ಲಗೆ ಹೇಳಿದರು. "ಅವಳೇ ಬಿಚ್ಚಿದ್ದಲ್ಲವಾ? ಹಾಗಾದರೆ ಬಿಲ್ಲಿನಲ್ಲಿ ಬಿಚ್ಚಿದ ಕೂಲಿ ಕಳೆಯಿರಿ."

ಧಾರೆ

ಅಕ್ಕನಿಗೆ ಸಿಕ್ಕ ಹುಡುಗನ ಮನೆಯವರು ವಡಾಲದವರು. ಅವರ ಬಿಲ್ಡಿಂಗಿನ ಹಾಲ್‌ನಲ್ಲೇ ಮದುವೆ. ಕೊನೆಯ ಗಳಿಗೆಗೆ ಹೊಲಿಗೆ ಬಿಟ್ಟರೆ ಎಂದು ನನ್ನನ್ನೂ ಕರೆದಿದ್ದರು.

ಎರಡು ಕಬ್ಬಿಣದ ಕುರ್ಚಿ. ಒಂದರ ಮೇಲೆ ಸೀರೆ ನೆರಿಗೆ ಹಿಡಿದು, ರವಿಕೆ ತೊಡಿಸಿ, ಮಲ್ಲಿಗೆ ಇಟ್ಟು ನಮ್ಮ ಹುಡುಗಿಯನ್ನು ಕೂರಿಸಿದೆವು. ಕತ್ತಿನ ಮೇಲೆ ಏನೂ ಇಲ್ಲ, ಆದರೂ ತಲೆ ತಗ್ಗಿಸಿ ಕೂತ ಹಾಗೆ ಕಾಣುತ್ತಿತ್ತು. ಹುಡುಗನ ತಾಯಿ ಪಕ್ಕದ ಕುರ್ಚಿಗೆ ಶರ್ಟು ತೊಡಿಸಿದರು. ಎರಡನೇ ಕ್ಲಾಸಿನ ಹುಡುಗನ ಶರ್ಟು!

"ಇದೆಂತದು? ಮೂವತ್ತರ ಮಗಳನ್ನು ಈ ಮಗುವಿಗೆ ಕೊಡುವುದಾ?" ಎಂದು ಹುಡುಗಿಯ ತಾಯಿ ಎದ್ದು ನಿಂತರು.

"ಹೋಗುವಾಗ ಅವನು ಇಷ್ಟೇ ಇದ್ದದ್ದು" ಎಂದರು ಹುಡುಗನ ತಾಯಿ. "ಬೆಳೆಸಿಬಿಟ್ಟರೆ ನನಗೆ ಗುರುತು ಸಿಗಬೇಕಲ್ಲ?"

"ನಾನು ನನ್ನವಳನ್ನು ವರ್ಷ ವರ್ಷವೂ ಬೆಳೆಸಿದ್ದೇನೆ. ಈಗ ಮತ್ತೆ ಸಣ್ಣದು ಮಾಡಲಿಕ್ಕೆ ನನ್ನಿಂದಾಗದು."

ಇಬ್ಬರೂ ಅಳತೊಡಗಿದರು. ಭಟ್ಟರು ಮುಹೂರ್ತ ಮೀರುತ್ತದೆ ಎಂದರು. ಮೂಲೆಯಲ್ಲಿದ್ದ ತಂಗಿಯ ಮುಖ ಬಿಳುಚಿತು. ಇದು ಮುರಿದರೆ ಅವಳ ಮದುವೆಯೂ ಮುರಿದ ಹಾಗೆ. ಎಲ್ಲರೂ ನನ್ನನ್ನು ನೋಡಿದರು. ರವಿಕೆಯಾದರೆ ಕಿರಿದು ಮಾಡಬಹುದು, ಮಗುವಿನ ಶರ್ಟನ್ನು ಹಿಗ್ಗಿಸುವುದು ಹೇಗೆ?

ಆಗ ಹುಡುಗನ ತಂದೆ, ಬಂದಾಗಿನಿಂದ ತುಟಿ ಬಿಚ್ಚದಿದ್ದವರು, ತಮ್ಮ ಶರ್ಟಿನ ಗುಂಡಿಗಳನ್ನು ಬಿಚ್ಚಿದರು. ಬನಿಯನ್ನಿನಲ್ಲೇ ಹೋಗಿ ಅದನ್ನು ಮಗನ ಕುರ್ಚಿಗೆ ತೊಡಿಸಿ, ಪುಟ್ಟ ಶರ್ಟನ್ನು ಮಡಚಿ ಅದರ ಕಿಸೆಯಲ್ಲಿ ಇಟ್ಟರು. ಹುಡುಗನ ತಾಯಿ ಕುರ್ಚಿಯನ್ನು ತುಂಬ ಹೊತ್ತು ನೋಡಿದರು. "ಹೌದು, ಅಪ್ಪನ ಹಾಗೇ ಆಗುತ್ತಿದ್ದ" ಎಂದರು. ನನಗೂ ಅಳು ತಡೆಯಲಾಗಲಿಲ್ಲ.

ಹಾರ ಹಾಕಿದರು, ಧಾರೆ ಎರೆದರು. ಇನ್ನು ತಂಗಿಗೆ ಅಡ್ಡಿಯಿಲ್ಲ ಎಂದರು ಭಟ್ಟರು. ಹುಡುಗಿಯ ತಾಯಿ ಕಣ್ಣೊರೆಸಿಕೊಂಡು ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಿವಿಯಲ್ಲಿ, "ಎಲ್ಲ ಸರಿ ಅಕ್ಕ. ಹುಡುಗನಿಗೆ ಹೊಟ್ಟೆ ಮಾತ್ರ ಸ್ವಲ್ಪ ಜಾಸ್ತಿಯಾಯಿತಲ್ಲ?" ಎಂದರು.

ಮದುಮಗಳ ಕುರ್ಚಿ ಕಿರ್ರ್ ಎಂದು ನಮ್ಮ ಕಡೆಗೆ ತಿರುಗಿತು. ಅದರ ಹತ್ತಿರ ಯಾರೂ ಇರಲಿಲ್ಲ.

ನಾವಿಬ್ಬರೂ ತೆಪ್ಪಗಾದೆವು. ಕಟ್ಟಿಕೊಂಡ ಗಂಡನನ್ನು ಎದುರಿಗೇ ಆಡಿಕೊಂಡರೆ ಯಾವ ಹುಡುಗಿ ಸುಮ್ಮನಿರುತ್ತಾಳೆ!