ಗಿಡ್ಡ ಬಂದೂಕಿಗೆ ಮಾಡಿದ ಉಪಚಾರ

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗುಲಾಮ್ ರಸೂಲರಿಗೆ ಬಾಳಿನಲ್ಲಿ ಒಂದೇ ಕೊರಗಿತ್ತು. ಊರಿನ ಮಷಿನ್‌ಗಳೆಲ್ಲ ಅವರ ಮಾತು ಕೇಳುತ್ತಿದ್ದವು, ಮನೆಯಲ್ಲಿ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಯಾರೂ ಎಂದರೆ ಇಬ್ಬರು: ಹೆಂಡತಿ ಸುಗ್ರಾ ಬೇಗಂ, ಮತ್ತು ಅಜ್ಜನ ಕಾಲದ ಕಾರ್ಬೈನು.

ಕಾರ್ಬೈನೆಂದರೆ ಹೆದರಬೇಡಿ. ಅಜ್ಜ ಒಬ್ಬ ಜಾಗೀರದಾರರ ಬಳಿ ಕಾವಲಿಗಿದ್ದಾಗ ಇನಾಮಾಗಿ ಬಂದ ಗಿಡ್ಡ ಬಂದೂಕು ಅದು. ನೋಡಲು ಬಂದೂಕು, ತಿನ್ನುವುದು ಪಿಸ್ತೂಲಿನ ತೋಟಾ. (ಮೈ ಪೈಲವಾನನದು, ಊಟ ಕೂಸಿನದು ಎಂದು ಸುಗ್ರಾ ಬೇಗಂ ಆಡಿಕೊಳ್ಳುತ್ತಿದ್ದರು.) ಗಬ್ಬೂರು ದಾರಿಯಲ್ಲಿದ್ದ ಅವರ ನಾಲ್ಕೆಕರೆ ಶೇಂಗಾ ಹೊಲಕ್ಕೆ ಕಾಡುಹಂದಿಗಳು ನುಗ್ಗುತ್ತಿದ್ದರಿಂದ, ಬೆಳೆ ಕಾಯಲೆಂದು ಅದಕ್ಕೆ ಲೈಸೆನ್ಸೂ ಇತ್ತು.

೧೯೭೯ರಲ್ಲಿ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ, ಒಂದು ಸಂಜೆ ಅವರು ಹಂದಿಯೊಂದಕ್ಕೆ ಗುಂಡು ಹಾರಿಸಿದರು. ಗುಂಡು ಆಕಾಶಕ್ಕೆ ಹೋಯಿತು, ಹಂದಿ ಬೇಲಿಯ ಕಡೆ ಓಡಿತು. ಎರಡನೆಯ ಗುಂಡಿಗೆಂದು ಬಂದೂಕಿನ ಕೆಳಗಿನ ಹಿಡಿ ಎಳೆದರೆ ಖಾಲಿ ತೋಟಾ ಹೊರಗೆ ಬರಲಿಲ್ಲ. ಗುಲಾಮ್ ರಸೂಲರು ಎಳೆದರು, ಗುದ್ದಿದರು, ಅಲ್ಲಾಹನನ್ನು ನೆನೆದರು. ಅತ್ತ ಹಂದಿ ನಿಂತು, ತಿರುಗಿ ನೋಡಿ, ಇವರದು ಇನ್ನೂ ತಡವಾಗುತ್ತದೆ ಎಂದು ಖಾತ್ರಿಯಾದ ಮೇಲೆ ಮರಳಿ ಬಂದು ಊಟ ಮುಂದುವರಿಸಿತು.

ಅವಮಾನ ಹೊತ್ತು ಮನೆಗೆ ಬಂದವರೇ ತೋಟಾಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದರು. ಬರಿದಾದ ಬಂದೂಕನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದು ತೀರ್ಮಾನಕ್ಕೆ ಬಂದರು.

ಆ ಮನೆಯ ಮಾತು ದಖನಿ. ಆದರೆ ಜಗಳ ಮಾತ್ರ ಕನ್ನಡದಲ್ಲೇ ಆಗಬೇಕು. ಏಕೆಂದರೆ ಗೋಡೆಯಾಚೆಯ ಆದೆಮ್ಮನಿಗೆ ದಖನಿ ಬಾರದು, ಮತ್ತು ತೀರ್ಪು ಕೊಡುವವಳು ಅವಳೇ.

"ಇದರ ರೋಗ ನನಗ ತಿಳೀತು," ಎಂದರು ಗುಲಾಮ್ ರಸೂಲರು. "ನಮ್ಮ ಅಜ್ಜ ಗಿಡ್ಡ ಇದ್ದ, ನಾ ಆರಡಿ. ಹಿಂದಿನ ಕಟ್ಟಿಗಿ ನನ್ನ ಭುಜಕ್ಕ ಸಾಲವಲ್ದು. ಅದಕ್ಕ ಮುನಿಸ್ಕೊಂಡದ."

"ಕಟ್ಟಿಗಿ ಗಿಡ್ಡ ಇದ್ರ ತೋಟಾ ಯಾಕ ಸಿಗಿಬೀಳ್ತದ್ರಿ?"

"ನಿನಗ ಮಷಿನ್ ತಿಳೀತದೇನು?"

"ಮಷಿನ್ ತಿಳಿಯಂಗಿಲ್ಲ. ಸಿಗಿಬೀಳೂದು ತಿಳೀತದ. ಈ ಮನ್ಯಾಗ ಸಿಗಿಬಿದ್ದು ಇಪ್ಪತ್ತು ವರ್ಷ ಆತು."

ಗೋಡೆಯಾಚೆ ನಗು ಕೇಳಿಸಿತು. ತೀರ್ಪು ಬಂದಂತಾಯಿತು.

ಗುಲಾಮ್ ರಸೂಲರು ತೀರ್ಪಿಗೆ ತಲೆಬಾಗುವ ಮನುಷ್ಯರಲ್ಲ. ಮರುದಿನದಿಂದಲೇ ಮಹಾಕಾರ್ಯ ಶುರುವಾಯಿತು. ಮುರಿದ ಹೊಲಿಗೆ ಮಷಿನ್ ಒಂದರ ಸಾಗವಾನಿ ಹಲಗೆ ಕೊಯ್ದು, ಹಿಂದಿನ ಕಟ್ಟಿಗೆಗೆ ನಾಲ್ಕು ಬೆರಳು ಉದ್ದ ಸೇರಿಸಿ ಸ್ಕ್ರೂ ಹೊಡೆದರು. ಮಷಿನ್ ಚಕ್ರಕ್ಕೆ ಹಾಕುವ ತೊಗಲಿನ ಬೆಲ್ಟುಗಳನ್ನು ಮೂರೆಳೆಯ ಜಡೆಯಂತೆ ಹೆಣೆದು ಹೆಗಲಿಗೆ ಪಟ್ಟಿ ಮಾಡಿದರು. ಕಟ್ಟಿಗೆಯ ಎಡಬದಿಯಲ್ಲಿ ಹಳೆಯದೊಂದು ಸೀಳಿತ್ತು. ಅದಕ್ಕೆ ಅರಗು ತುಂಬಿ, ವಾರ್ನಿಷ್ ಬಳಿದು, ಹದಿನೈದು ದಿನ ಉಜ್ಜಿ, ಸೀಳಿತ್ತೆಂದು ಹೇಳಿದವರೇ ಸುಳ್ಳುಗಾರರಾಗುವಂತೆ ಮಾಡಿದರು. ಕೊನೆಗೆ ಹೊಲಿಗೆ ಮಷಿನ್‌ಗೆ ಅಂಟಿಸುವ ಬಂಗಾರ ಬಣ್ಣದ ಹೂಬಳ್ಳಿಯನ್ನು ಎರಡೂ ಕಡೆ ಅಂಟಿಸಿದರು. ಬಂದೂಕು ಈಗ ಮದುಮಗಳಂತೆ ಕಾಣುತ್ತಿತ್ತು.

ತೋಟಾ ಮಾತ್ರ ಸಿಗಿಬೀಳುತ್ತಲೇ ಇತ್ತು. ಖಾಲಿ ತೋಟಾ ಇಟ್ಟು ಹಿಡಿ ಎಳೆದು ನೋಡಿದಾಗಲೆಲ್ಲ ಅದು ಒಳಗೇ ಕೂತು ಹಟ ಮಾಡುತ್ತಿತ್ತು. ಡಬ್ಬಿಗಟ್ಟಲೆ ಮಷಿನ್ ಎಣ್ಣೆ ಕುಡಿಸಿದರು. ಮೂರು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿದರು. (ಹೇಗೆಂದು ಕೇಳಬೇಡಿ, ಅವರಿಗೂ ಗೊತ್ತಿಲ್ಲ.)

ಒಂದು ಶುಕ್ರವಾರ ಅವರು ನಮಾಜಿಗೆ ಹೋದಾಗ ಸುಗ್ರಾ ಬೇಗಂ ಬಂದೂಕನ್ನು ಎತ್ತಿ ಮೂಸಿ ನೋಡಿದರು. ಆಮೇಲೆ ಗೋಡೆಯಾಚೆಗೆ ಕೂಗಿದರು.

"ಆದೆಮ್ಮಾ, ಇಲ್ಲಿ ಬಾ ಬೇ. ಇದು ಯಾತರ ವಾಸನಿ ಹೇಳು?"

ಆದೆಮ್ಮ ಮೂಗು ಹತ್ತಿರ ತಂದಳು. "ಶೇಂಗಾ ಎಣ್ಣಿ. ಭಾಳ ಹಳೇದು. ನಮ್ಮ ರೊಟ್ಟಿ ಹಂಚಿನ ಮ್ಯಾಲ ಕಟ್ಟತದಲ್ಲ, ಅದ ಜಿಡ್ಡು."

ಅಜ್ಜ ಬದುಕಿರುವವರೆಗೂ ಹೊಲದ ಎಣ್ಣೆಯನ್ನೇ ಬಂದೂಕಿಗೂ ಹಚ್ಚಿದ್ದರು. ಅದು ಒಣಗಿ, ಅಂಟಾಗಿ, ಒಳಗೆಲ್ಲ ಗೋಡೆ ಕಟ್ಟಿತ್ತು. ಇಬ್ಬರೂ ಸೇರಿ ಚಿಮಣಿ ಎಣ್ಣೆ, ಹಳೆಯ ಬ್ರಷ್ಷು, ಹರಿದ ಲುಂಗಿಯ ತುಂಡು ಹಿಡಿದು ಕೂತರು. ಹಂಚು ತಿಕ್ಕಿದವರಿಗೆ ಬಂದೂಕೇನು ದೊಡ್ಡದು? ಗಂಡಸರು ಮಸೀದಿಯಿಂದ ಬರುವಷ್ಟರಲ್ಲಿ ಅದು ಗೋಡೆಯ ಗೂಟಕ್ಕೆ ತೂಗುತ್ತಿತ್ತು.

ಬಂದವರೇ ಗುಲಾಮ್ ರಸೂಲರು ರೂಢಿಯಂತೆ ಖಾಲಿ ತೋಟಾ ಇಟ್ಟು ಹಿಡಿ ಎಳೆದರು. ತೋಟಾ ಟಣ್ಣನೆ ಹಾರಿ ಬ್ಯಾಳಿ ಸಾರಿನೊಳಗೆ ಬಿತ್ತು.

"ನೋಡ್ದೇನು ಸುಗ್ರಾ!" ಅವರ ಕಣ್ಣಲ್ಲಿ ನೀರೇ ಬಂದಿತ್ತು. "ನಾ ಹೇಳಿರಲಿಲ್ಲ? ಹೊಸಾ ಕಟ್ಟಿಗಿ ಹೊಂದಿಕೊಳ್ಳಾಕ ಟೈಮ್ ಬೇಕಿತ್ತು ಅಷ್ಟ!"

ಸುಗ್ರಾ ಬೇಗಂ ಸೌಟಿನಿಂದ ತೋಟಾ ತೆಗೆದು ಬದಿಗಿಟ್ಟರು. "ಹೌದ್ರಿ," ಎಂದರು.

ಡಿಸೆಂಬರ್ ಕೊನೆಯ ವಾರ ಲೈಸೆನ್ಸ್ ಹೊಸದು ಮಾಡಿಸಬೇಕಿತ್ತು. ಅದಕ್ಕೆ ರಾಯಚೂರಿನ ಕಚೇರಿಗೆ ಹೋಗಿ ಬಂದೂಕು ತೋರಿಸಬೇಕು. ಗುಲಾಮ್ ರಸೂಲರು ಅದನ್ನು ಹೊದಿಕೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡರು. ಬಳೆ ಕೊಳ್ಳುವ ನೆವದಲ್ಲಿ ಸುಗ್ರಾ ಬೇಗಂ ಕೂಡ ಹೊರಟರು.

ಕಚೇರಿಯ ಗುಮಾಸ್ತ ಬೂದೆಪ್ಪ ಕನ್ನಡಕ ಏರಿಸಿ ದಪ್ಪನೆಯ ರಿಜಿಸ್ಟರು ತೆರೆದ.

"ಗಿಡ್ಡ ಬಂದೂಕು. ನಂಬರ ಇಲ್ಲ. ಗುರುತು: ಕಟ್ಟಿಗಿ ಎಡಕ್ಕ ಸೀಳು ಅದ. ಸೀಳು ಎಲ್ಲಿ ಅದರೀ?"

"ಮುಚ್ಚೀನ್ರಿ," ಎಂದರು ಗುಲಾಮ್ ರಸೂಲರು, ಎದೆ ಉಬ್ಬಿಸಿ.

ಬೂದೆಪ್ಪ ಟೇಪು ಹಿಡಿದ. "ಕಟ್ಟಿಗಿ ಉದ್ದ ನಾಲ್ಕು ಬೆರಳು ಹೆಚ್ಚಿಗಿ ಬರ್ತದಲ್ರೀ?"

"ಬೆಳಸೀನ್ರಿ."

"ಈ ಹೂಬಳ್ಳಿ?"

"ಅದು ನಮ್ಮ ಕಡಿಂದ ಫ್ರೀ."

ಬೂದೆಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಹಂಗಾದ್ರ ಕೇಳ್ರಿ. ಲೈಸೆನ್ಸ್ ಇದ್ದ ಬಂದೂಕು ನಿಮ್ಮ ಹತ್ರ ಇಲ್ಲ. ನಿಮ್ಮ ಹತ್ರ ಇದ್ದ ಬಂದೂಕಿಗೆ ಲೈಸೆನ್ಸ್ ಇಲ್ಲ. ಒಂದು ಕಳ್ಕೊಂಡೀರಿ, ಇನ್ನೊಂದು ಕದ್ದು ಇಟ್ಕೊಂಡೀರಿ. ಸಾಹೇಬ್ರು ಮೂರಕ್ಕ ಬರ್ತಾರ. ಅಷ್ಟ್ರಾಗ ಇದು ಅದ ಬಂದೂಕು ಅಂತ ತೋರಸ್ರಿ. ಇಲ್ಲಾಂದ್ರ ಜಪ್ತಿ."

ಗುಲಾಮ್ ರಸೂಲರ ಆರಡಿ ದೇಹ ಅಜ್ಜನ ಅಳತೆಗೆ ಇಳಿಯಿತು. ಮನೆತನದ ಒಂದೇ ಒಂದು ಇನಾಮು, ತಾನು ಚೆಂದ ಮಾಡಿದ ತಪ್ಪಿಗೆ ಸರಕಾರದ ಪಾಲಾಗುತ್ತದೆಯೇ?

ಕಚೇರಿಯ ಬೇವಿನ ಗಿಡದ ಕೆಳಗೆ ಕೂತು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಮೂರೆಳೆಯ ಜಡೆ ಬಿಚ್ಚಿತು. ಸಾಗವಾನಿ ತುಂಡು ಕಳಚಿತು. ಹೂಬಳ್ಳಿಯನ್ನು ಉಗುರಿನಿಂದ ಕೆರೆಯುವಾಗ ಒಂದೊಂದು ಎಲೆಗೂ ಒಂದೊಂದು ನಿಟ್ಟುಸಿರು ಬಂತು. ಸುಗ್ರಾ ಬೇಗಂ ಮುಡಿಯಿಂದ ಪಿನ್ನು ತೆಗೆದು ಅರಗನ್ನು ಕೆದಕತೊಡಗಿದರು. ಬೇವಿನ ನೆರಳು ಅವರಿಬ್ಬರ ಮೇಲೆ ಮೆಲ್ಲಗೆ ಸರಿದಾಡುತ್ತಿತ್ತು.

"ನಿಮ್ಮ ಕೆಲಸ ಭಾಳ ಗಟ್ಟಿ ಅದರಿ," ಎಂದರು ಸುಗ್ರಾ ಬೇಗಂ. "ಪಿನ್ನು ಬಾಗಾಕತ್ತದ."

ಗಂಡನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಅಷ್ಟರಲ್ಲಿ ಅರಗಿನ ದೊಡ್ಡ ತುಂಡೊಂದು ಉದುರಿತು.

"ಸಿಕ್ತು! ಬೂದೆಪ್ಪನೋರ, ಸೀಳು ಸಿಕ್ತು!" ಜಾತ್ರೆಯಲ್ಲಿ ಕಳೆದ ಮಗು ಸಿಕ್ಕವರಂತೆ ಗುಲಾಮ್ ರಸೂಲರು ಒಳಗೆ ಓಡಿದರು.

ಮೂರಕ್ಕೆ ಸಾಹೇಬರು ಬಂದರು. ಸೀಳು ನೋಡಿದರು, ಉದ್ದ ನೋಡಿದರು, ತಲೆಯಾಡಿಸಿದರು. ಕೆಳಗಿನ ಹಿಡಿ ಎಳೆದರು. ಬೆಣ್ಣೆಯಂತೆ ಸರಿಯಿತು.

"ಹೋದ ವರ್ಷ ಇದು ಭಾಳ ಬಿಗಿ ಇತ್ತು. ಯಾರು ಸರಿ ಮಾಡಿದ್ರಿ?"

ಗುಲಾಮ್ ರಸೂಲರು ಒಂದು ಹೆಜ್ಜೆ ಮುಂದಿಟ್ಟರು. ಬೂದೆಪ್ಪ ಅವರ ತೋಳು ಹಿಡಿದು ಕಿವಿಯಲ್ಲಿ ಉಸುರಿದ: "ಸುಮ್ನಿರ್ರಿ! ಬಂದೂಕು ರಿಪೇರಿಗೆ ಬ್ಯಾರೆ ಪರವಾನಗಿ ಬೇಕು, ಅದಿಲ್ದ ಮಾಡಿದ್ರ ಕೇಸು ಆಗ್ತದ."

ಇಟ್ಟ ಹೆಜ್ಜೆ ಹಿಂದಕ್ಕೆ ಬಂತು.

"ರಿಪೇರಿ ಅಲ್ರೀ ಸಾಹೇಬ್ರ," ಎಂದರು ಸುಗ್ರಾ ಬೇಗಂ, ಸೆರಗು ಸರಿಮಾಡಿಕೊಳ್ಳುತ್ತ. "ಒಳಗ ಶೇಂಗಾ ಎಣ್ಣಿ ಜಿಡ್ಡು ಕಟ್ಟಿತ್ತು. ಚಿಮಣಿ ಎಣ್ಣಿ ಹಚ್ಚಿ ತಿಕ್ಕೀನಿ, ಅಷ್ಟ. ಇವ್ರು ನಮಾಜಿಗೆ ಹೋಗಿದ್ರು."

ಗುಲಾಮ್ ರಸೂಲರು ಹೆಂಡತಿಯ ಕಡೆ ತಿರುಗಿದರು. "ನೀನಾ?"

"ಹೂಂ."

"ಅವತ್ತ ಯಾಕ ಹೇಳಲಿಲ್ಲ?"

"ನೀವು ಭಾಳ ಖುಷಿಯಾಗಿದ್ರಿ."

ಗುಲಾಮ್ ರಸೂಲರು ಹೆಂಡತಿಯ ಕೈಯಿಂದ ಬಾಗಿದ ಪಿನ್ನು ಇಸಿದುಕೊಂಡು, ಉಗುರಿನಿಂದ ನೆಟ್ಟಗೆ ಮಾಡತೊಡಗಿದರು.

ಸಾಹೇಬರು ನಗುತ್ತ ಸಹಿ ಹಾಕಿದರು. ಬೂದೆಪ್ಪ ಮೊಹರು ಒತ್ತಿದ. ಬಂದೂಕು ಉಳಿಯಿತು. ಗುಲಾಮ್ ರಸೂಲರು ಅದನ್ನು ಹೊದಿಕೆಯಲ್ಲಿ ಸುತ್ತುತ್ತಿರುವಾಗ ಸಾಹೇಬರು ಏನೋ ನೆನಪಾದವರಂತೆ ತಲೆ ಎತ್ತಿದರು.

"ಅಮ್ಮಾ, ನಿಮ್ಮಿಂದ ಒಂದು ಉಪಕಾರ ಆಗಬೇಕಲ್ಲ. ನಮ್ಮ ಮನ್ಯಾಗ ಹೊಲಿಗಿ ಮಷಿನ್ ಒಂದು ಎರಡು ವರ್ಷದಿಂದ ಜಾಮ್ ಆಗಿ ಕುಂತದ. ನಮ್ಮ ಮನ್ಯಾಕಿ ದಿನಾ ಬೈತಾಳ. ಹೋಗೂಮುಂದ ಸ್ವಲ್ಪ ನೋಡ್ತೀರೇನು?"

ಹೊಲಿಗೆ ಮಷಿನ್! ಗುಲಾಮ್ ರಸೂಲರ ಕೈ ತಾನಾಗಿಯೇ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು. ದೇವದುರ್ಗದಿಂದ ಜಾಲಹಳ್ಳಿವರೆಗೆ ಅವರ ಕೈ ಮುಟ್ಟದ ಮಷಿನ್ ಒಂದೂ ಇರಲಿಲ್ಲ.

ಸಾಹೇಬರು ಅದನ್ನು ನೋಡಿದರು. "ಏನ್ರೀ, ನಿಮಗೂ ಈ ಬಿಚ್ಚೋದು ಕಟ್ಟೋದು ಬರ್ತದೇನು?"

ಬೂದೆಪ್ಪ ಜೋರಾಗಿ ಕೆಮ್ಮಿದ. ಲೈಸೆನ್ಸಿನ ಮೇಲೆ ಮೊಹರಿನ ಮಸಿ ಇನ್ನೂ ಹಸಿಯಾಗಿತ್ತು.

"ಇಲ್ರೀ ಸಾಹೇಬ್ರ," ಎಂದರು ಗುಲಾಮ್ ರಸೂಲರು, ಬಂದೂಕನ್ನು ಎದೆಗವುಚಿಕೊಂಡು. "ನನಗೇನೂ ಬರಂಗಿಲ್ಲ. ಈಕಿ ಕೆಲಸ ಮಾಡೂಮುಂದ ಸ್ಕ್ರೂಡ್ರೈವರ್ ಹಿಡ್ಕೊಂಡು ಬಾಜೂಕ ನಿಂದ್ರತೀನಿ."